ಅಸ್ಮಿತೆಯನ್ನು ಅಳೆಯುವ ಕೋಲು

2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರಿಗೆ ಮೊದಲ ಸಲ ಒಂದು ಹೊಸ ಪ್ರಶ್ನೆ ಎದುರಾಯಿತು: ನಿಮ್ಮ ರಾಷ್ಟ್ರೀಯ ಅಸ್ಮಿತೆಯನ್ನು ಏನೆಂದು ಹೇಳಿಕೊಳ್ಳುತ್ತೀರಿ? ತಾವು ಇಂಗ್ಲಿಷ್ ಎಂದಷ್ಟೇ ಗುರುತು ಹಾಕಿದವರು ಶೇ 57.7. ಬ್ರಿಟಿಷ್ ಎಂದಷ್ಟೇ ಹೇಳಿಕೊಂಡವರು ಶೇ 19.1. ಹತ್ತು ವರ್ಷ ಕಳೆದು 2021ರಲ್ಲಿ ಮತ್ತೆ ಕೇಳಿದಾಗ ಲೆಕ್ಕ ತಲೆಕೆಳಗಾಗಿತ್ತು. ಬರೀ ಇಂಗ್ಲಿಷ್ ಎಂದವರು ಶೇ 14.9ಕ್ಕೆ ಇಳಿದಿದ್ದರು, ಬರೀ ಬ್ರಿಟಿಷ್ ಎಂದವರು ಶೇ 54.8ಕ್ಕೆ ಏರಿದ್ದರು. 3.24 ಕೋಟಿ ಜನರಿದ್ದ ಒಂದು ಗುಂಪು 89 ಲಕ್ಷಕ್ಕೆ ಕುಗ್ಗಿತ್ತು.

ಆ ಹತ್ತು ವರ್ಷಗಳಲ್ಲಿ ಬ್ರಿಟನ್ ಏನೇನನ್ನೋ ಕಂಡಿತ್ತು. 2014ರಲ್ಲಿ ಸ್ಕಾಟ್ಲೆಂಡ್ ಪ್ರತ್ಯೇಕವಾಗಬೇಕೇ ಎಂಬ ಜನಮತಗಣನೆ, 2016ರಲ್ಲಿ ಐರೋಪ್ಯ ಒಕ್ಕೂಟ ತೊರೆಯುವ ತೀರ್ಮಾನ. ಇವೆರಡನ್ನು ಮುಂದಿಟ್ಟುಕೊಂಡು ಅಂಕಿಗಳಿಗೆ ಕಾರಣ ಹೇಳುವುದು ಕಷ್ಟವಲ್ಲ. ಆದರೆ ಇನ್ನೊಂದು ಕಾರಣ ಗಣತಿಯ ನಮೂನೆಯಲ್ಲೇ ಕೂತಿತ್ತು. 2011ರಲ್ಲಿ ಇಂಗ್ಲೆಂಡಿನ ನಮೂನೆಯಲ್ಲಿ ‘ಇಂಗ್ಲಿಷ್’ ಎಂಬ ಚೌಕ ಎಲ್ಲಕ್ಕಿಂತ ಮೇಲಿತ್ತು. 2021ರಲ್ಲಿ ಅದರ ಜಾಗಕ್ಕೆ ‘ಬ್ರಿಟಿಷ್’ ಬಂತು. ವೇಲ್ಸ್‌ನ ನಮೂನೆಯಲ್ಲಿ ‘ವೆಲ್ಶ್’ ಎರಡು ಸಲವೂ ಮೇಲೆಯೇ ಉಳಿಯಿತು. ಅಲ್ಲಿ ಬರೀ ವೆಲ್ಶ್ ಎಂದವರ ಪಾಲು ಶೇ 57.5ರಿಂದ ಶೇ 55.2ಕ್ಕೆ ಇಳಿಯಿತು, ಅಷ್ಟೇ. ಬ್ರಿಟನ್ನಿನ ಅಂಕಿಅಂಶ ಕಚೇರಿಯೇ ಈ ಬದಲಾವಣೆಯ ಬಗ್ಗೆ ಓದುಗರನ್ನು ಎಚ್ಚರಿಸಿತು. ಎರಡು ನಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ, ಇಂಗ್ಲೆಂಡಿನ ಏರಿಳಿತದ ಬಹುಪಾಲು ಹುಟ್ಟಿದ್ದು ಆ ಚೌಕದ ಸ್ಥಳಾಂತರದಿಂದಲೇ ಎಂಬುದರಲ್ಲಿ ಹೆಚ್ಚು ಅನುಮಾನ ಉಳಿಯುವುದಿಲ್ಲ.

ಇದನ್ನು ಓದಿ ಅಸ್ಮಿತೆ ಎಂಬುದೇ ಗಾಳಿಮಾತು ಎಂದು ತೀರ್ಮಾನಿಸಿದರೆ ದೊಡ್ಡ ತಪ್ಪಾಗುತ್ತದೆ. ಜನ ದೇಶಕ್ಕಾಗಿ ಸಾಯುತ್ತಾರೆ, ಪಕ್ಷಕ್ಕಾಗಿ ನೆಂಟಸ್ತಿಕೆ ಮುರಿದುಕೊಳ್ಳುತ್ತಾರೆ, ಅದು ಗಾಳಿಯಲ್ಲ. ಅನುಮಾನಿಸಬೇಕಾದದ್ದು ನಮ್ಮ ಪ್ರಶ್ನೆಯನ್ನು. ಒಬ್ಬ ಮನುಷ್ಯನೊಳಗೆ ಹಲವು ನಂಟುಗಳು ಒಟ್ಟಿಗೆ ಇರುವಾಗ ‘ಇವುಗಳಲ್ಲಿ ನೀನು ಯಾವುದು?’ ಎಂದು ಕೇಳಿದರೆ ಅವನು ಕೈಗೆ ಹತ್ತಿರವಿದ್ದುದನ್ನು ತೋರಿಸುತ್ತಾನೆ. ರಾಜಕೀಯ ಮನೋವಿಜ್ಞಾನ ಎಂಬ ಶಾಸ್ತ್ರ ಈ ಕಷ್ಟದೊಂದಿಗೆ ಎಪ್ಪತ್ತು ವರ್ಷಗಳಿಂದ ಹೆಣಗುತ್ತಿದೆ. ‘ಯಾವುದು’ ಎಂಬ ಪ್ರಶ್ನೆಯಿಂದ ‘ಎಷ್ಟು’, ‘ಯಾವುದರ ಜೊತೆಗೆ’, ‘ಯಾವಾಗ’ ಎಂಬ ಪ್ರಶ್ನೆಗಳತ್ತ ಅದು ನಿಧಾನವಾಗಿ ನಡೆದು ಬಂದಿದೆ. ಈ ನಡಿಗೆ ಇನ್ನೂ ಮುಗಿದಿಲ್ಲ. ಭಾರತದಲ್ಲಂತೂ ಹೆಚ್ಚು ದೂರ ಹೋಗಿಲ್ಲ.

ಮೊದಲ ದೊಡ್ಡ ಹೆಜ್ಜೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ್ದು. ಆಂಗಸ್ ಕ್ಯಾಂಪ್‌ಬೆಲ್, ಫಿಲಿಪ್ ಕಾನ್ವರ್ಸ್, ವಾರೆನ್ ಮಿಲ್ಲರ್, ಡೊನಾಲ್ಡ್ ಸ್ಟೋಕ್ಸ್ ಸೇರಿ 1960ರಲ್ಲಿ ‘ದಿ ಅಮೆರಿಕನ್ ವೋಟರ್’ ಪ್ರಕಟಿಸಿದರು. ಮತ ಹಾಕುವುದು ಬೇರೆ, ಒಂದು ಪಕ್ಷದವರು ಎಂದು ತಮ್ಮನ್ನು ತಾವು ಭಾವಿಸಿಕೊಳ್ಳುವುದು ಬೇರೆ ಎಂಬುದು ಅವರ ಮೂಲ ಒಳನೋಟ. ಆದ್ದರಿಂದ ಅವರು ಯಾರಿಗೆ ಮತ ಹಾಕಿದಿರಿ ಎಂದು ಕೇಳುವಲ್ಲಿಗೆ ನಿಲ್ಲಲಿಲ್ಲ. ಸಾಮಾನ್ಯವಾಗಿ ನಿಮ್ಮನ್ನು ನೀವು ರಿಪಬ್ಲಿಕನ್ ಎಂದುಕೊಳ್ಳುತ್ತೀರೋ, ಡೆಮಾಕ್ರಾಟ್ ಎಂದುಕೊಳ್ಳುತ್ತೀರೋ, ಸ್ವತಂತ್ರರು ಎಂದುಕೊಳ್ಳುತ್ತೀರೋ ಎಂದು ಕೇಳಿದರು. ಪಕ್ಷದ ಹೆಸರು ಹೇಳಿದವರನ್ನು ‘ಗಟ್ಟಿಯಾಗಿಯೋ, ಅಷ್ಟೇನೂ ಗಟ್ಟಿಯಲ್ಲವೋ’ ಎಂದು ಮತ್ತೆ ವಿಚಾರಿಸಿದರು. ಸ್ವತಂತ್ರರೆಂದವರನ್ನು ‘ಯಾವ ಪಕ್ಷಕ್ಕೆ ಹೆಚ್ಚು ಹತ್ತಿರ’ ಎಂದು ಕೆದಕಿದರು. ಹೀಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಮೆಟ್ಟಿಲುಗಳ ಮಾಪಕ ಸಿದ್ಧವಾಯಿತು. ಅಮೆರಿಕದ ಚುನಾವಣಾ ಅಧ್ಯಯನಗಳು ಇಂದಿಗೂ ಇದನ್ನೇ ಬಳಸುತ್ತವೆ.

ಈ ಮಾಪಕದ ನಡುಭಾಗದಲ್ಲಿ ಬಿರುಕು ಕಾಣಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. ತಾವು ಸ್ವತಂತ್ರರು, ಆದರೂ ಇಂಥ ಪಕ್ಷಕ್ಕೆ ಸ್ವಲ್ಪ ಹತ್ತಿರ ಎಂದವರು ಎಷ್ಟೋ ಸಲ ‘ಅಷ್ಟೇನೂ ಗಟ್ಟಿಯಲ್ಲದ’ ಪಕ್ಷದವರಿಗಿಂತ ಹೆಚ್ಚು ನಿಷ್ಠೆಯಿಂದ ಆ ಪಕ್ಷಕ್ಕೇ ಮತ ಹಾಕುತ್ತಿದ್ದರು. ಮೆಟ್ಟಿಲುಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ. 1992ರಲ್ಲಿ ಬಂದ ‘ದಿ ಮಿಥ್ ಆಫ್ ದಿ ಇಂಡಿಪೆಂಡೆಂಟ್ ವೋಟರ್’ ಎಂಬ ಪುಸ್ತಕ ಇದನ್ನೇ ವಿಸ್ತಾರವಾಗಿ ತೋರಿಸಿತು: ಪಕ್ಷದ ಹೆಸರು ಹೇಳಲು ಹಿಂಜರಿಯುವವರೆಲ್ಲ ಪಕ್ಷವಿಲ್ಲದವರಲ್ಲ. ಡಚ್ ವಿದ್ವಾಂಸ ಜಾಕ್ ಥೊಮಾಸೆನ್ 1976ರಲ್ಲಿ ಇನ್ನೊಂದು ಪೆಟ್ಟು ಕೊಟ್ಟರು. ನೆದರ್ಲೆಂಡ್ಸ್‌ನಲ್ಲಿ ಜನ ಹೇಳಿಕೊಳ್ಳುವ ಪಕ್ಷ, ಅವರು ಹಾಕುವ ಮತಕ್ಕಿಂತ ಬೇಗ ಬದಲಾಗುತ್ತಿತ್ತು. ಗುರುತು ಬೇರು, ಮತ ಎಲೆ ಎಂದು ನಂಬಿದ್ದ ಸಿದ್ಧಾಂತಕ್ಕೆ ಇದು ಕಸಿವಿಸಿಯ ಫಲಿತಾಂಶ. ಎರಡೇ ಪಕ್ಷಗಳ ದೇಶದಲ್ಲಿ ಕೆತ್ತಿದ ಪ್ರಶ್ನೆ ಹಲವು ಪಕ್ಷಗಳ ದೇಶದಲ್ಲಿ ಅದೇ ಕೆಲಸ ಮಾಡುತ್ತದೆ ಎಂದು ಭಾವಿಸುವಂತಿರಲಿಲ್ಲ.

ಈ ನಡುವೆ ಪಕ್ಷನಿಷ್ಠೆ ಎಂದರೇನು ಎಂಬ ಬಗ್ಗೆಯೇ ಜಗಳ ಹತ್ತಿತ್ತು. ಅದು ಸರ್ಕಾರಗಳ ಸಾಧನೆಯನ್ನು ಜನ ಮನಸ್ಸಿನಲ್ಲಿ ಕೂಡಿಸಿ ಕಳೆಯುತ್ತ ಹೋಗುವ ಲೆಕ್ಕ ಎಂದು ಮೊರಿಸ್ ಫಿಯೊರಿನಾ 1981ರಲ್ಲಿ ವಾದಿಸಿದರು. ಇಲ್ಲ, ಅದು ಮತಧರ್ಮದಂತೆ ಮನೆಯಿಂದಲೇ ಬರುವ, ಸುಲಭಕ್ಕೆ ಕದಲದ ನಂಟು ಎಂದು ಡೊನಾಲ್ಡ್ ಗ್ರೀನ್ ಮತ್ತು ಸಂಗಡಿಗರು 2002ರಲ್ಲಿ ಮರುನುಡಿದರು. ಮಿಶಿಗನ್ ಪ್ರಶ್ನೆ ಈ ಜಗಳವನ್ನು ಬಗೆಹರಿಸಲಾರದು, ಏಕೆಂದರೆ ಎರಡೂ ಬಗೆಯ ಮನುಷ್ಯರು ಅದಕ್ಕೆ ಒಂದೇ ಉತ್ತರ ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಮಾಪಕದ ದೊಡ್ಡ ಕೊರತೆ ಇದೇ. ಅದು ಹಣೆಪಟ್ಟಿಯನ್ನು ಓದುತ್ತದೆ. ಹಣೆಪಟ್ಟಿಯ ಹಿಂದಿನ ಅಂತಃಕರಣಕ್ಕೆ ಅದರಲ್ಲಿ ಜಾಗವಿಲ್ಲ.

ಆ ಅಂತಃಕರಣಕ್ಕೆ ಭಾಷೆ ಕೊಟ್ಟವರು ಹೆನ್ರಿ ತಾಯ್ಫೆಲ್. 1919ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಯೆಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯಲ್ಲಿದ್ದು ಜರ್ಮನರಿಗೆ ಸೆರೆಸಿಕ್ಕರು. ತಾನು ಯೆಹೂದಿ ಎಂಬುದನ್ನು ಅವರು ಮುಚ್ಚಿಡಲಿಲ್ಲ; ಪೋಲೆಂಡಿನವನು ಎಂಬುದನ್ನು ಮುಚ್ಚಿಟ್ಟರು. ಫ್ರಾನ್ಸಿನ ಯುದ್ಧಕೈದಿ ಎಂಬ ಗುರುತು ಅವರ ಜೀವ ಉಳಿಸಿತು. ಬಿಡುಗಡೆಯಾಗಿ ಬಂದಾಗ ಊರಲ್ಲಿ ಉಳಿದಿದ್ದ ಬಂಧುಗಳು ಬಹುತೇಕ ಇಲ್ಲವಾಗಿದ್ದರು. ಸಾವು ಬದುಕಿನ ಗೆರೆ ಒಂದು ವರ್ಗದ ಹೆಸರಿನ ಮೇಲೆ ನಿಂತಿದ್ದುದನ್ನು ಹೀಗೆ ಕಂಡುಂಡ ಮನುಷ್ಯ ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರಲ್ಲಿ ಯಾರ ಚಿತ್ರ ಮೆಚ್ಚಿದಿರಿ ಎಂಬ ನೆಪದಲ್ಲಿ ಅವರನ್ನು ಎರಡು ಗುಂಪು ಮಾಡಿ, ಹಣ ಹಂಚಲು ಹೇಳಿದರು. ಹುಡುಗರಿಗೆ ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದೂ ತಿಳಿದಿರಲಿಲ್ಲ, ಹಂಚಿದ್ದರಲ್ಲಿ ತಮಗೇನೂ ಸಿಗುತ್ತಿರಲಿಲ್ಲ. ಆದರೂ ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಎಷ್ಟೋ ಸಲ ತಮ್ಮವರಿಗೆ ಸಿಗುವ ಮೊತ್ತ ಕಡಿಮೆಯಾದರೂ ಸರಿ, ಎದುರಿನವರಿಗಿಂತ ಮೇಲಿರಲಿ ಎಂಬ ಹಂಚಿಕೆಯನ್ನೇ ಆರಿಸಿದರು. 1970ರ ದಶಕದ ಈ ಕೆಲಸದಿಂದ ಮೂಡಿದ ಸಾಮಾಜಿಕ ಅಸ್ಮಿತೆಯ ಸಿದ್ಧಾಂತವನ್ನು ತಾಯ್ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಒಂದು ಚೌಕಟ್ಟಿಗೆ ತಂದರು. ಗುಂಪಿನ ಸದಸ್ಯತ್ವ, ಅದಕ್ಕೆ ನಾವು ಕೊಡುವ ಬೆಲೆ, ಅದರೊಂದಿಗಿನ ಭಾವನೆ ಎಂಬ ಮೂರೂ ಸೇರಿದ್ದೇ ಅಸ್ಮಿತೆ ಎಂಬುದು ಅದರ ತಿರುಳು.

ಇದನ್ನು ಪಕ್ಷಗಳಿಗೆ ಅನ್ವಯಿಸಿ ಮಾಪಕ ಮಾಡಲು ಇನ್ನೂ ಎರಡು ದಶಕ ಹಿಡಿಯಿತು. ಸ್ಟೀವನ್ ಗ್ರೀನ್ 1990ರ ದಶಕದ ಕೊನೆಯಲ್ಲಿ ದಾರಿ ತೋರಿದರು. ಲಿಯೊನಿ ಹಡ್ಡಿ, ಲಿಲಿಯಾನಾ ಮೇಸನ್, ಲೀನಾ ಆರೋ 2015ರಲ್ಲಿ ನಾಲ್ಕು ಸರಳ ಪ್ರಶ್ನೆಗಳನ್ನು ಮುಂದಿಟ್ಟರು. ಈ ಪಕ್ಷದವರಾಗಿರುವುದು ನಿಮಗೆ ಎಷ್ಟು ಮುಖ್ಯ? ಆ ಹೆಸರು ನಿಮಗೆ ಎಷ್ಟು ಹೊಂದುತ್ತದೆ? ಪಕ್ಷದ ಬಗ್ಗೆ ಮಾತಾಡುವಾಗ ‘ಅವರು’ ಎನ್ನದೆ ‘ನಾವು’ ಎನ್ನುವುದು ಎಷ್ಟು ಸಲ? ಆ ಪಕ್ಷದವರೆಂದು ನಿಮ್ಮನ್ನು ಎಷ್ಟರಮಟ್ಟಿಗೆ ಭಾವಿಸುತ್ತೀರಿ? ಇಂಥ ಮಾಪಕದಲ್ಲಿ ಎತ್ತರದಲ್ಲಿದ್ದವರು, ತಮ್ಮ ಪಕ್ಷ ಸೋಲಲಿದೆ ಎಂಬ ಬರಹ ಓದಿದಾಗ ಹೆಚ್ಚು ಸಿಟ್ಟಾದರು, ಗೆಲ್ಲಲಿದೆ ಎಂದಾಗ ಹೆಚ್ಚು ಹಿಗ್ಗಿದರು. ತಮಗೆ ಪ್ರಿಯವಾದ ನೀತಿ ಗೆಲ್ಲುತ್ತದೋ ಸೋಲುತ್ತದೋ ಎಂಬುದಕ್ಕಿಂತ ತಮ್ಮ ಬಳಗ ಗೆಲ್ಲುತ್ತದೋ ಸೋಲುತ್ತದೋ ಎಂಬುದೇ ಅವರನ್ನು ಕಲಕಿತು. ಎರಡು ವರ್ಷದ ನಂತರ ಅಲೆಕ್ಸಾ ಬ್ಯಾಂಕರ್ಟ್, ಹಡ್ಡಿ ಮತ್ತು ಮಾರ್ಟಿನ್ ರೊಸೆಮಾ ಇದೇ ಬಗೆಯ ಎಂಟು ಪ್ರಶ್ನೆಗಳನ್ನು ನೆದರ್ಲೆಂಡ್ಸ್, ಸ್ವೀಡನ್ ಮತ್ತು ಬ್ರಿಟನ್‌ಗಳಲ್ಲಿ ಕೇಳಿದರು. ಪಕ್ಷವನ್ನು ಯಾರಾದರೂ ಟೀಕಿಸಿದರೆ ನಿಮ್ಮನ್ನೇ ಬೈದಂತೆ ಆಗುತ್ತದೆಯೇ ಎಂಬುದು ಅವುಗಳಲ್ಲೊಂದು. ಥೊಮಾಸೆನ್ ಅನುಮಾನಿಸಿದ ದೇಶದಲ್ಲೇ ಈ ಮಾಪಕ ಹಳೆಯ ಒಂಟಿ ಪ್ರಶ್ನೆಗಿಂತ ಚೆನ್ನಾಗಿ ಕೆಲಸ ಮಾಡಿತು. ಪಕ್ಷದ ಅಸ್ಮಿತೆ ಅಮೆರಿಕದ ವಿಶೇಷ ಕಾಯಿಲೆಯಲ್ಲ, ಅದನ್ನು ಮುಟ್ಟಲು ಬೇರೆ ಬಗೆಯ ಪ್ರಶ್ನೆ ಬೇಕಿತ್ತು ಎಂಬುದು ಹೀಗೆ ಸ್ಪಷ್ಟವಾಯಿತು.

ತಮ್ಮವರ ಮೇಲಿನ ಪ್ರೀತಿಯನ್ನು ಅಳೆದರೆ ಸಾಲದು, ಎದುರಿನವರ ಮೇಲಿನ ದ್ವೇಷವನ್ನೂ ಅಳೆಯಬೇಕು ಎಂಬ ಒತ್ತಡ ಈ ಶತಮಾನದಲ್ಲಿ ಬಂತು. ಅಮೆರಿಕದ ಚುನಾವಣಾ ಅಧ್ಯಯನದಲ್ಲಿ 1964ರಿಂದ ‘ಭಾವನೆಯ ಥರ್ಮಾಮೀಟರ್’ ಎಂಬುದೊಂದಿದೆ. ಯಾವುದೇ ಗುಂಪಿಗೆ 0ಯಿಂದ 100ರವರೆಗೆ ಅಂಕ ಕೊಡಬೇಕು. 0 ಎಂದರೆ ತೀರಾ ತಣ್ಣಗೆ, 100 ಎಂದರೆ ತುಂಬು ಬಿಸುಪು. ಸ್ವಂತ ಪಕ್ಷಕ್ಕೆ ಅಮೆರಿಕನ್ನರು ಕೊಡುವ ಅಂಕ ದಶಕಗಳಿಂದ 70ರ ಸುತ್ತಲೇ ಇದೆ. ಎದುರು ಪಕ್ಷಕ್ಕೆ ಕೊಡುವ ಅಂಕ 1970ರ ದಶಕದ ಕೊನೆಗೆ 50ರ ಹತ್ತಿರವಿದ್ದದ್ದು 2020ರ ಹೊತ್ತಿಗೆ 20ರ ಆಸುಪಾಸಿಗೆ ಕುಸಿದಿದೆ. ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೆ ‘ಭಾವನಾತ್ಮಕ ಧ್ರುವೀಕರಣ’ ಎಂದು ಹೆಸರಿಟ್ಟರು. ಅಯ್ಯಂಗಾರ್ ಮತ್ತು ಶಾನ್ ವೆಸ್ಟ್‌ವುಡ್ 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಬ್ಬರು ಶಾಲಾ ವಿದ್ಯಾರ್ಥಿಗಳ ವಿವರ ಕೊಟ್ಟು ಯಾರಿಗೆ ವಿದ್ಯಾರ್ಥಿವೇತನ ಕೊಡಬೇಕು ಎಂದು ಕೇಳಿದಾಗ, ಹತ್ತರಲ್ಲಿ ಸುಮಾರು ಎಂಟು ಮಂದಿ ತಮ್ಮ ಪಕ್ಷದ ಕಡೆಯ ವಿದ್ಯಾರ್ಥಿಯನ್ನು ಆರಿಸಿದರು. ಅಂಕ ಹೆಚ್ಚಿದ್ದ ವಿದ್ಯಾರ್ಥಿ ಎದುರು ಪಕ್ಷದವನಾಗಿದ್ದರೂ ಬಹುಮತದ ಒಲವು ಬದಲಾಗಲಿಲ್ಲ.

ಇಲ್ಲೂ ಪ್ರಶ್ನೆಯ ಆಟವಿದೆ. ಮಕ್ಕಳ ಮದುವೆಯ ಪ್ರಶ್ನೆಯನ್ನು ನೋಡಿ. 1960ರಲ್ಲಿ, ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಎಂದ ಅಮೆರಿಕನ್ನರು ನೂರಕ್ಕೆ ಐದರಷ್ಟು. 2010ರಲ್ಲಿ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರನೇ ಒಂದು ಪಾಲು ಹಾಗೆಂದರು. ಲೋಕವೆಲ್ಲ ಈ ಅಂಕಿಯನ್ನು ಎತ್ತಿ ಆಡಿತು. ಆದರೆ ಸಮಾರಾ ಕ್ಲಾರ್, ಯಾನ್ನಾ ಕ್ರುಪ್ನಿಕೊವ್ ಮತ್ತು ಜಾನ್ ಬ್ಯಾರಿ ರಯಾನ್ 2018ರಲ್ಲಿ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಕೇಳಿದರು: ಬರುವ ಸೊಸೆ ಅಥವಾ ಅಳಿಯ ರಾಜಕೀಯದ ಮಾತೇ ಆಡದವರಾದರೆ? ಆಗ ವಿರೋಧ ಬಹಳಷ್ಟು ಕರಗಿತು. ಎಷ್ಟೋ ಮಂದಿಗೆ, ಮೂರು ಹೊತ್ತೂ ರಾಜಕೀಯ ಮಾತಾಡುವವರು ತಮ್ಮ ಪಕ್ಷದವರೇ ಆದರೂ ಮನೆಗೆ ಬರುವುದು ಬೇಡವಾಗಿತ್ತು. ಜೇಮ್ಸ್ ಡ್ರಕ್‌ಮನ್ ಮತ್ತು ಮ್ಯಾಥ್ಯೂ ಲೆವೆಂಡಸ್ಕಿ ಮರುವರ್ಷ ಇದಕ್ಕೆ ಪೂರಕವಾದ ಇನ್ನೊಂದನ್ನು ತೋರಿಸಿದರು. ಥರ್ಮಾಮೀಟರ್ ಹಿಡಿದು ‘ಎದುರು ಪಕ್ಷ’ ಎಂದಾಗ ಜನರ ಕಣ್ಣ ಮುಂದೆ ಬರುವುದು ಪಕ್ಕದ ಮನೆಯ ಮತದಾರನಿಗಿಂತ ಹೆಚ್ಚಾಗಿ ಟಿವಿಯಲ್ಲಿ ಕಾಣುವ ನಾಯಕರು. ದ್ವೇಷ ನಿಜ, ಅದು ಯಾರ ಮೇಲೆ ಎಂಬುದನ್ನು ನಾವು ಸರಿಯಾಗಿ ಕೇಳಿರಲಿಲ್ಲ.

ರಾಷ್ಟ್ರದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹಳೆಯದು. ಹ್ಯಾನ್ಸ್ ಕೋನ್ 1944ರಲ್ಲಿ ಎರಡು ಬಗೆಯ ರಾಷ್ಟ್ರೀಯತೆಗಳನ್ನು ಬೇರ್ಪಡಿಸಿದರು. ಒಂದು ಕಾನೂನು ಮತ್ತು ಪೌರತ್ವದ ಮೇಲೆ ನಿಂತದ್ದು, ಇನ್ನೊಂದು ರಕ್ತ, ಭಾಷೆ, ಸಂಸ್ಕೃತಿಗಳ ಮೇಲೆ. ಅಂತರರಾಷ್ಟ್ರೀಯ ಸಾಮಾಜಿಕ ಸಮೀಕ್ಷಾ ಕಾರ್ಯಕ್ರಮ 1995, 2003 ಮತ್ತು 2013ರಲ್ಲಿ ಹತ್ತಾರು ದೇಶಗಳಲ್ಲಿ ಇದನ್ನು ಅಳೆಯಲು ಹೊರಟಿತು. ನಿಜವಾಗಿ ಈ ದೇಶದವರು ಎನಿಸಿಕೊಳ್ಳಲು ಇಲ್ಲೇ ಹುಟ್ಟಿರುವುದು ಎಷ್ಟು ಮುಖ್ಯ, ಪೌರತ್ವ ಎಷ್ಟು ಮುಖ್ಯ, ಭಾಷೆ, ಧರ್ಮ, ಕಾನೂನಿಗೆ ಗೌರವ, ಮನಸ್ಸಿನ ಭಾವನೆ ಎಷ್ಟು ಮುಖ್ಯ ಎಂದು ಒಂದೊಂದಾಗಿ ಕೇಳಿತು. ಉತ್ತರಗಳು ಕೋನ್ ಹಾಕಿದ ಗೆರೆಯನ್ನು ಪಾಲಿಸಲಿಲ್ಲ. ಭಾಷೆ ಕೆಲವು ದೇಶಗಳಲ್ಲಿ ಕಾನೂನಿನ ಪಕ್ಕ ಕೂತಿತು, ಕೆಲವು ಕಡೆ ರಕ್ತದ ಪಕ್ಕ. ಬಹಳ ಜನ ಎಲ್ಲವನ್ನೂ ಮುಖ್ಯ ಎಂದರು. ಎಲ್ದಾದ್ ಡೇವಿಡೊವ್ 2009ರಲ್ಲಿ 34 ದೇಶಗಳ ಉತ್ತರಗಳನ್ನು ಪರಿಶೀಲಿಸಿ, ರಾಷ್ಟ್ರೀಯತೆ ಮತ್ತು ದೇಶಪ್ರೇಮದ ಮಾಪಕಗಳ ಒಳರಚನೆ ಎಲ್ಲೆಡೆ ಹೋಲುತ್ತದೆ, ಆದರೆ ದೇಶದೇಶಗಳ ಸರಾಸರಿಗಳನ್ನು ಹೋಲಿಸಲು ಬಾರದು ಎಂದರು. ನಮ್ಮ ಹಿರಿಯರ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಎರಡು ಊರಿನ ಭತ್ತದ ಲೆಕ್ಕವನ್ನು ಸೇರಿನ ಎಣಿಕೆಯಲ್ಲಿ ಹೋಲಿಸಿದವನು ಮೋಸಹೋಗುತ್ತಿದ್ದ. ‘ಅತಿ ಹೆಚ್ಚು ದೇಶಪ್ರೇಮಿಗಳ ದೇಶ’ ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಡೇವಿಡೊವ್ ಅವರ ಈ ಮಾತನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ದೇಶಪ್ರೇಮವನ್ನು ಒಡೆದು ನೋಡಿದ ಕೆಲಸ ಇದಕ್ಕಿಂತ ಹೆಚ್ಚು ಫಲ ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ. ರಿಕ್ ಕಾಸ್ಟರ್‌ಮನ್ ಮತ್ತು ಸೀಮೋರ್ ಫೆಶ್‌ಬಾಕ್ 1989ರಲ್ಲೇ ದೇಶದ ಮೇಲಿನ ಪ್ರೀತಿ ಬೇರೆ, ಉಳಿದ ದೇಶಗಳಿಗಿಂತ ನಾವು ಮೇಲು ಎಂಬ ಭಾವ ಬೇರೆ ಎಂದು ಅಳೆದು ತೋರಿಸಿದರು. ಒಂದು ಹೆಚ್ಚಿದ್ದವರಲ್ಲಿ ಇನ್ನೊಂದೂ ಹೆಚ್ಚಿರಲೇಬೇಕೆಂದಿಲ್ಲ. ರಾಬರ್ಟ್ ಶಾಟ್ಸ್, ಎರ್ವಿನ್ ಸ್ಟಾಬ್, ಹಾವರ್ಡ್ ಲವೀನ್ 1999ರಲ್ಲಿ ಕುರುಡು ದೇಶಪ್ರೇಮವನ್ನೂ ಕಟ್ಟುವ ದೇಶಪ್ರೇಮವನ್ನೂ ಬೇರ್ಪಡಿಸಿದರು; ದೇಶವನ್ನು ಟೀಕಿಸುವುದು ಎರಡನೆಯದರ ಲಕ್ಷಣ. ತಮ್ಮ ರಾಷ್ಟ್ರದ ಹಿರಿಮೆಯನ್ನು ಜಗತ್ತು ಒಪ್ಪುತ್ತಿಲ್ಲ ಎಂದು ಸದಾ ನೊಂದುಕೊಳ್ಳುವ ಮನಃಸ್ಥಿತಿಗೆ ಆಗ್ನೆಷ್ಕಾ ಗೊಲೆಕ್ ದೆ ಜವಾಲಾ 2009ರಲ್ಲಿ ‘ಸಾಮೂಹಿಕ ಆತ್ಮರತಿ’ ಎಂಬ ಮಾಪಕ ಕಟ್ಟಿದರು. ಇವೆಲ್ಲಕ್ಕಿಂತ ನನಗೆ ಮುಖ್ಯ ಎನಿಸುವುದು ಹಡ್ಡಿ ಮತ್ತು ನಾಡಿಯಾ ಖತೀಬ್ ಅವರ 2007ರ ಅಧ್ಯಯನ. ಧ್ವಜ ಕಂಡರೆ, ರಾಷ್ಟ್ರಗೀತೆ ಕೇಳಿದರೆ ಆಗುವ ಪುಳಕವನ್ನು ಅವರು ಒಂದು ಕಡೆ ಇಟ್ಟರು. ‘ಅಮೆರಿಕನ್ ಆಗಿರುವುದು ನನಗೆ ಮುಖ್ಯ’ ಎಂಬ ನಂಟನ್ನು ಇನ್ನೊಂದು ಕಡೆ ಇಟ್ಟರು. ಪುಳಕ ಸಂಪ್ರದಾಯವಾದಿಗಳ ಕಡೆ ವಾಲಿತು. ನಂಟು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಅದು ಗಟ್ಟಿಯಿದ್ದವರು ರಾಜಕೀಯ ಸುದ್ದಿಯನ್ನು ಹೆಚ್ಚು ಗಮನಿಸುತ್ತಿದ್ದರು, ಹೆಚ್ಚಾಗಿ ಮತ ಹಾಕುತ್ತಿದ್ದರು. ಧ್ವಜದ ಮುಂದೆ ನಿಲ್ಲುವ ರೀತಿಯಿಂದ ದೇಶನಿಷ್ಠೆ ಅಳೆಯುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇದೆ. ಅದು ನಿಷ್ಠೆಯ ಒಂದು ಬಗೆಯನ್ನಷ್ಟೇ ಕಾಣುತ್ತದೆ, ಅದೂ ಒಂದೇ ಪಂಥಕ್ಕೆ ಹತ್ತಿರವಾದ ಬಗೆಯನ್ನು.

ಬ್ರಿಟನ್ನಿನ ಸಚಿವರಾಗಿದ್ದ ನಾರ್ಮನ್ ಟೆಬಿಟ್ 1990ರಲ್ಲಿ ಸೂಚಿಸಿದ ಕ್ರಿಕೆಟ್ ಪರೀಕ್ಷೆಯೂ ಇದೇ ಜಾತಿಯದು. ಏಷ್ಯಾದಿಂದ ವಲಸೆ ಬಂದವರು ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆ ಎಂಬುದರಿಂದ ಅವರು ಎಲ್ಲಿಯವರು ಎಂದು ತಿಳಿಯಬಹುದು ಎಂಬುದು ಅವರ ನಂಬಿಕೆ. ಇಂಗ್ಲೆಂಡಿನಲ್ಲಿ ನೆಲೆಸಿ ತೆರಿಗೆ ಕಟ್ಟಿ ಮತ ಹಾಕುವ ಕನ್ನಡಿಗ ವೈದ್ಯರು ಲಾರ್ಡ್ಸ್‌ನಲ್ಲಿ ರಾಹುಲ್ ದ್ರಾವಿಡ್‌ಗೆ ಚಪ್ಪಾಳೆ ತಟ್ಟಿದರೆ ಅವರ ಬ್ರಿಟಿಷ್ ನಂಟು ಅಷ್ಟರಮಟ್ಟಿಗೆ ಕಡಿಮೆಯಾಯಿತು ಎಂದು ಈ ಪರೀಕ್ಷೆ ಲೆಕ್ಕ ಹಾಕುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ಇಳಿಯಲೇಬೇಕು ಎಂಬ ಈ ಎಣಿಕೆಯೇ ತಪ್ಪು.

ಆ ಎಣಿಕೆಯನ್ನು ಮೊದಲು ಮುರಿದ ಪ್ರಶ್ನೆಗೆ ಇಬ್ಬರು ಸ್ಪೇನಿನವರ ಹೆಸರಿದೆ: ಹುವಾನ್ ಲಿಂಜ್ ಮತ್ತು ಲೂಯಿಸ್ ಮೊರೆನೊ. ಲಿಂಜ್ ಸ್ಪೇನಿನಲ್ಲಿ ಇಂಥದ್ದನ್ನು ಕೇಳಿದ್ದರು. ಮೊರೆನೊ 1986ರಲ್ಲಿ ಎಡಿನ್‌ಬರೊದಲ್ಲಿ ಮುಗಿಸಿದ ಸಂಶೋಧನೆಯಲ್ಲಿ ಅದನ್ನು ಸ್ಕಾಟ್ಲೆಂಡಿಗೆ ತಂದರು. ನೀವು ಬರೀ ಸ್ಕಾಟಿಷ್, ಬ್ರಿಟಿಷ್ ಅಲ್ಲವೇ ಅಲ್ಲ; ಬ್ರಿಟಿಷ್‌ಗಿಂತ ಹೆಚ್ಚು ಸ್ಕಾಟಿಷ್; ಎರಡೂ ಸಮ; ಸ್ಕಾಟಿಷ್‌ಗಿಂತ ಹೆಚ್ಚು ಬ್ರಿಟಿಷ್; ಬರೀ ಬ್ರಿಟಿಷ್. ಐದರಲ್ಲಿ ಮೂರು ಉತ್ತರಗಳು ಎರಡು ನಂಟುಗಳಿಗೂ ಜಾಗ ಕೊಡುತ್ತವೆ. ಇದರಿಂದಾದ ವ್ಯತ್ಯಾಸ ಸಣ್ಣದಲ್ಲ. 2011ರ ಜನಗಣತಿಯ ಚೌಕಗಳಲ್ಲಿ ಸ್ಕಾಟ್ಲೆಂಡಿನ ಶೇ 62ರಷ್ಟು ಜನ ಬರೀ ಸ್ಕಾಟಿಷ್ ಎಂದು ಗುರುತು ಹಾಕಿದರು. ಮೊರೆನೊ ಪ್ರಶ್ನೆಗೆ ‘ಸ್ಕಾಟಿಷ್, ಬ್ರಿಟಿಷ್ ಅಲ್ಲ’ ಎನ್ನುತ್ತಿದ್ದವರು ಆ ವರ್ಷಗಳಲ್ಲಿ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದೇ ಜನ, ಅದೇ ಕಾಲ.

ಈ ಪ್ರಶ್ನೆ ಭಾರತಕ್ಕೂ ಬಂತು. ದಿಲ್ಲಿಯ ಸಿಎಸ್‌ಡಿಎಸ್ ಸಂಶೋಧನಾ ಸಂಸ್ಥೆಯ ಸಮೀಕ್ಷಾ ವಿಭಾಗವಾದ ಲೋಕನೀತಿ 2005ರಲ್ಲಿ ದಕ್ಷಿಣ ಏಷ್ಯಾದ ಪ್ರಜಾಪ್ರಭುತ್ವದ ಬಗ್ಗೆ ನಡೆಸಿದ ಸಮೀಕ್ಷೆಯಲ್ಲಿ, ಭಾರತೀಯ ಮತ್ತು ರಾಜ್ಯದ ಅಸ್ಮಿತೆಗಳ ನಡುವೆ ಹೀಗೇ ಮೆಟ್ಟಿಲು ಕಟ್ಟಿ ಕೇಳಲಾಯಿತು. ಆಲ್ಫ್ರೆಡ್ ಸ್ಟೆಪಾನ್, ಲಿಂಜ್ ಮತ್ತು ಯೋಗೇಂದ್ರ ಯಾದವ್ 2011ರಲ್ಲಿ ಹೊರತಂದ ‘ಕ್ರಾಫ್ಟಿಂಗ್ ಸ್ಟೇಟ್-ನೇಷನ್ಸ್’ ಪುಸ್ತಕ ಭಾರತದ ವಿಷಯದಲ್ಲಿ ಈ ಉತ್ತರಗಳನ್ನು ಆಧಾರವಾಗಿ ಬಳಸುತ್ತದೆ. ಒಂದು ರಾಷ್ಟ್ರಕ್ಕೆ ಒಂದೇ ಸಂಸ್ಕೃತಿ ಇರಬೇಕೆಂಬ ಯುರೋಪಿನ ಮಾದರಿಗೆ ಎದುರಾಗಿ, ಹಲವು ಅಸ್ಮಿತೆಗಳು ಒಂದಕ್ಕೊಂದು ಪೂರಕವಾಗಿ ಬಾಳುವ ರಾಜ್ಯವ್ಯವಸ್ಥೆ ಸಾಧ್ಯ ಎಂದು ಅವರು ವಾದಿಸಿದರು. ಒಂದು ಕಾಲಕ್ಕೆ ಪ್ರತ್ಯೇಕತೆಯ ಕೂಗೆದ್ದಿದ್ದ ತಮಿಳುನಾಡು ಅವರ ಮುಖ್ಯ ಸಾಕ್ಷಿ. ಕಾಶ್ಮೀರ ಕಣಿವೆ ಆ ವಾದದ ಎಲ್ಲೆ. ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆಯುವ ಕುವೆಂಪು ಗೀತೆಯನ್ನು ನಾಡಗೀತೆಯಾಗಿ ಹಾಡುವ ನಮಗೆ ಈ ವಾದ ಹೊಸದೆನಿಸುವುದಿಲ್ಲ. ಆದರೆ ಅದನ್ನು ಅಂಕಿಗಳಲ್ಲಿ ತೋರಿಸಿಕೊಟ್ಟದ್ದಕ್ಕೆ ಬೇರೆಯೇ ಬೆಲೆ ಇದೆ.

ಮೊರೆನೊ ಪ್ರಶ್ನೆಗೂ ಒಂದು ಕುರುಡು ಜಾಗ ಉಂಟು, ಅದು ನಡುಮಧ್ಯದಲ್ಲಿ. ‘ಎರಡೂ ಸಮ’ ಎಂದವರಲ್ಲಿ ಎರಡನ್ನೂ ಜೀವದಂತೆ ಹಚ್ಚಿಕೊಂಡವರು ಇರುತ್ತಾರೆ, ಎರಡರ ಗೊಡವೆಯೂ ಬೇಡವೆನ್ನುವವರೂ ಇರುತ್ತಾರೆ. ರಾಜಕೀಯವಾಗಿ ಇವರಿಬ್ಬರಷ್ಟು ದೂರದವರು ಇನ್ನಿಲ್ಲ. ಮಾಪಕ ಇಬ್ಬರನ್ನೂ ಒಂದೇ ಮೆಟ್ಟಿಲಿನಲ್ಲಿ ಕೂರಿಸುತ್ತದೆ. ಪ್ರತಿಯೊಂದು ನಂಟನ್ನೂ ಪ್ರತ್ಯೇಕವಾಗಿ, ತನ್ನದೇ ಮಾಪಕದಲ್ಲಿ ಕೇಳಿದರೆ ಮಾತ್ರ ಈ ಗಂಟು ಬಿಡುತ್ತದೆ. ಇದಕ್ಕೆ ಖರ್ಚು ಹೆಚ್ಚು, ಸಮಯ ಹೆಚ್ಚು. ಆದರೂ ಬೇರೆ ದಾರಿ ನನಗೆ ಕಾಣುವುದಿಲ್ಲ.

ಇನ್ನು ‘ಯಾವಾಗ’ ಎಂಬ ಪ್ರಶ್ನೆ. ಇದಕ್ಕೆ ಅತ್ಯುತ್ತಮ ಉತ್ತರ ಆಫ್ರಿಕಾದಿಂದ ಬಂದಿದೆ. ಬೆನ್ ಐಫರ್ಟ್, ಎಡ್ವರ್ಡ್ ಮಿಗೆಲ್, ಡೇನಿಯಲ್ ಪೋಸ್ನರ್ 2010ರಲ್ಲಿ ಹತ್ತು ದೇಶಗಳ 35 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಸಮೀಕ್ಷೆ ನಡೆದ ತಿಂಗಳಿನೊಂದಿಗೆ ಜೋಡಿಸಿ ನೋಡಿದರು. ಪೈಪೋಟಿ ಬಿರುಸಾಗಿರುವ ಚುನಾವಣೆ ಒಂದೊಂದು ತಿಂಗಳು ಹತ್ತಿರವಾದಂತೆ, ತಮ್ಮನ್ನು ಮೊದಲು ಬುಡಕಟ್ಟಿನ ಹೆಸರಿನಿಂದ ಹೇಳಿಕೊಳ್ಳುವವರ ಪಾಲು ಸುಮಾರು 1.8 ಶೇಕಡಾಂಶದಷ್ಟು ಏರುತ್ತಿತ್ತು. ಎಮಿಲಿಯೊ ದೆಪೆಟ್ರಿಸ್-ಶೋವಾನ್ ಮತ್ತು ಸಂಗಡಿಗರು 2020ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು: ರಾಷ್ಟ್ರೀಯ ಫುಟ್ಬಾಲ್ ತಂಡ ಮುಖ್ಯ ಪಂದ್ಯ ಗೆದ್ದ ಮರುದಿನಗಳಲ್ಲಿ ಮಾತಾಡಿಸಿದವರಲ್ಲಿ ಬುಡಕಟ್ಟಿನ ಗುರುತು ಹಿಂದೆ ಸರಿದು ರಾಷ್ಟ್ರದ್ದು ಮುಂದೆ ಬರುತ್ತಿತ್ತು. ಚುನಾವಣೆ ಒಡೆದದ್ದನ್ನು ಫುಟ್ಬಾಲ್ ಕೆಲದಿನ ಕೂಡಿಸುತ್ತದೆ. ಸಮೀಕ್ಷೆಯ ವರದಿಯಲ್ಲಿ ತಾರೀಖು ಅಡಿಟಿಪ್ಪಣಿಗೆ ಸೇರುವ ವಿಷಯವಲ್ಲ ಎಂದು ಇದಾದ ಮೇಲೂ ಯಾರಿಗಾದರೂ ವಿವರಿಸಬೇಕಾಗಿದ್ದರೆ ಅದು ವಿಷಾದದ ಸಂಗತಿ.

ಜನ ಬಾಯಿಬಿಟ್ಟು ಹೇಳದ್ದನ್ನು ಹಿಡಿಯುವ ಪ್ರಯತ್ನಗಳೂ ನಡೆದಿವೆ. ಎರಡು ಪರಿಕಲ್ಪನೆಗಳನ್ನು ಮನಸ್ಸು ಎಷ್ಟು ಬೇಗ ಜೋಡಿಸುತ್ತದೆ ಎಂದು ಕಂಪ್ಯೂಟರಿನ ಮುಂದೆ ಅಳೆಯುವ ಪರೀಕ್ಷೆಯನ್ನು ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅದನ್ನು ಬಳಸಿ ತಿಯೆರಿ ದೆವೊ ಮತ್ತು ದೆಬ್ಬೀ ಮಾ 2008ರಲ್ಲಿ, ನ್ಯೂಯಾರ್ಕಿನಲ್ಲಿ ಹುಟ್ಟಿದ ಲೂಸಿ ಲಿಯುಗಿಂತ ಇಂಗ್ಲೆಂಡಿನ ಕೇಟ್ ವಿನ್ಸ್‌ಲೆಟ್ ಅಮೆರಿಕನ್ನರ ಮನಸ್ಸಿನಲ್ಲಿ ಬೇಗ ‘ಅಮೆರಿಕನ್’ ಆಗುತ್ತಾರೆ ಎಂದು ತೋರಿಸಿದರು. ಯಾರು ಎಲ್ಲಿಯವರು ಎಂದು ಚೆನ್ನಾಗಿ ಗೊತ್ತಿದ್ದವರಲ್ಲೂ ಹೀಗೆ. ಎಲ್ಲ ಜಾಣ ಪ್ರಯೋಗಗಳೂ ಉಳಿಯಲಿಲ್ಲ. ಅಮೆರಿಕದ ಧ್ವಜವನ್ನು ಒಂದು ಸಲ ಕಂಡರೆ ಸಾಕು, ಒಲವು ಸಂಪ್ರದಾಯವಾದದ ಕಡೆ ತಿರುಗುತ್ತದೆ ಎಂಬ 2011ರ ಹೇಳಿಕೆಯನ್ನು 2014ರಲ್ಲಿ 36 ಕಡೆ, ಆರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮರುಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ತೀರಾ ಸರಳವಾದ ಒಂದು ಸಾಧನ ಮಾತ್ರ ಗಟ್ಟಿಯಾಗಿ ನಿಂತಿದೆ: ‘ನಾನು’ ಎಂಬ ಒಂದು ವೃತ್ತ, ‘ಗುಂಪು’ ಎಂಬ ಇನ್ನೊಂದು, ಎರಡೂ ಎಷ್ಟು ಬೆರೆತಿವೆ ಎಂದು ಚಿತ್ರದಲ್ಲಿ ತೋರಿಸಬೇಕು. ಓದುಬರಹ ಬಾರದವರಿಗೂ ಇದು ಅರ್ಥವಾಗುತ್ತದೆ. 2011ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಹಾರ್ವಿ ವೈಟ್‌ಹೌಸ್ ಮತ್ತು ಸಂಗಡಿಗರು 179 ಬಂಡುಕೋರರ ಮುಂದೆ ಇಂಥ ಚಿತ್ರ ಇಟ್ಟರು. ಕುಟುಂಬದಷ್ಟೇ ಆಳವಾಗಿ ಅವರು ತಮ್ಮ ತುಕಡಿಯೊಂದಿಗೆ ಬೆರೆತಿದ್ದರು. ಒಂದನ್ನೇ ಆರಿಸಿ ಎಂದಾಗ, ಮುಂಚೂಣಿಯಲ್ಲಿ ಕಾದಾಡಿದವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಕುಟುಂಬವನ್ನು ಬಿಟ್ಟು ತುಕಡಿಯನ್ನು ಆರಿಸಿದರು.

ಭಾರತದಲ್ಲಿ ಪಕ್ಷದ ಅಸ್ಮಿತೆಯನ್ನು ಅಳೆಯುವ ಕೆಲಸ 1967ರ ಚುನಾವಣಾ ಅಧ್ಯಯನದಿಂದ ಆರಂಭವಾಯಿತು. ಸ್ಯಾಮ್ಯುಯೆಲ್ ಎಲ್ಡರ್ಸ್‌ವೆಲ್ಡ್ ಮತ್ತು ಬಶೀರುದ್ದೀನ್ ಅಹ್ಮದ್ 1978ರಲ್ಲಿ ಅದರ ಫಲವನ್ನು ಪುಸ್ತಕವಾಗಿ ತಂದರು. 1990ರ ದಶಕದಿಂದ ಲೋಕನೀತಿ, ನಿಮಗೆ ಹತ್ತಿರವೆನಿಸುವ ಪಕ್ಷ ಯಾವುದಾದರೂ ಇದೆಯೇ ಎಂದು ಕೇಳುತ್ತ ಬಂದಿದೆ. ಮತ ಯಾರಿಗೆ ಎಂಬುದನ್ನು ಬಾಯಲ್ಲಿ ಹೇಳಿಸದೆ, ಮಾದರಿ ಮತಪತ್ರ ಕೊಟ್ಟು ಪೆಟ್ಟಿಗೆಯಲ್ಲಿ ಹಾಕಿಸುವ ಕ್ರಮವೂ ಅವರದೇ. ಜಗುಲಿಯ ಮೇಲೆ ಸಂದರ್ಶನ ನಡೆಯುವಾಗ ಮಾವ, ಮೈದುನ, ನೆರೆಯವರೆಲ್ಲ ಸುತ್ತ ಕೂರುವ ನಮ್ಮ ಹಳ್ಳಿಗಳಲ್ಲಿ ಇದು ಎಷ್ಟು ವಿವೇಕದ ಕ್ರಮ ಎಂದು ಬೇರೆ ಹೇಳಬೇಕಿಲ್ಲ. ಪಕ್ಷದ ನಂಟನ್ನೂ ಇಷ್ಟೇ ಗುಟ್ಟಾಗಿ ಕೇಳುವುದು ಸೂಕ್ತ.

ಭಾರತದ ಮತದಾರನಿಗೆ ಜಾತಿ ಇದೆ, ನಾಯಕ ಇದ್ದಾನೆ, ಪಕ್ಷವಿಲ್ಲ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಅದಕ್ಕೆ ಆಧಾರವಿಲ್ಲದೆ ಇಲ್ಲ. 1999ರಲ್ಲಿ ಜನತಾದಳ ಒಡೆದಾಗ ಕರ್ನಾಟಕದ ಜನತಾ ಪರಿವಾರದ ಕಾರ್ಯಕರ್ತನೊಬ್ಬನಿಗೆ ‘ನೀವು ಯಾವ ಪಕ್ಷದವರು’ ಎಂದು ಕೇಳಿದ್ದರೆ ಮೊದಲು ನಾಯಕನ ಹೆಸರು ಹೇಳಿ ಆಮೇಲೆ ಪಕ್ಷದ್ದನ್ನು ಹುಡುಕಬೇಕಾಗುತ್ತಿತ್ತು. ಆದರೆ ಆ ಹಳೆಯ ಮಾತನ್ನು ಈಗ ತಿದ್ದಬೇಕಾಗಿದೆ. ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಬಿಹಾರದ 1,224 ಜನರ ನಡುವೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಸುಳ್ಳು ಸುದ್ದಿಯನ್ನು ಪತ್ತೆಹಚ್ಚುವುದು ಹೇಗೆ ಎಂದು ಮನೆಗೇ ಹೋಗಿ ಕಲಿಸಿದರೂ ಒಟ್ಟಾರೆಯಾಗಿ ಪರಿಣಾಮ ಕಾಣಲಿಲ್ಲ. ಬಿಜೆಪಿಯೊಂದಿಗೆ ಗುರುತಿಸಿಕೊಂಡವರಲ್ಲಿ, ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳುಗಳನ್ನು ಗುರುತಿಸುವ ಶಕ್ತಿ ತರಬೇತಿಯ ನಂತರ ಕಡಿಮೆಯಾಗಿತ್ತು. ಇಲ್ಲವೆಂದು ತಿಳಿದಿದ್ದ ನಂಟು ಇಷ್ಟು ಕೆಲಸ ಮಾಡುತ್ತಿದ್ದರೆ ಅದನ್ನು ಒಂದೇ ಪ್ರಶ್ನೆಯಲ್ಲಿ ಅಳೆದು ಬಿಡುವುದು ಸರಿಯಲ್ಲ.

ನಮ್ಮ ರಾಜ್ಯದ ಅಂಚುಗಳಲ್ಲಿ ಈ ಮಾಪಕಗಳನ್ನು ಇಟ್ಟು ನೋಡಿದರೆ ಅವು ಎಲ್ಲಿ ಮುರಿಯುತ್ತವೆ ಎಂಬುದು ಬೇಗ ತಿಳಿಯುತ್ತದೆ. ‘ಭಾರತೀಯರೋ, ಕನ್ನಡಿಗರೋ’ ಎಂದು ಎರಡು ತುದಿ ಕಟ್ಟಿದ ಪ್ರಶ್ನೆಯನ್ನು ಬೆಳಗಾವಿಯ ಮರಾಠಿ ಮನೆಯಲ್ಲಿ ಕೇಳಿದರೆ ಅದು ಅಸ್ಮಿತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಗಡಿ ವಿವಾದದ ಪ್ರಶ್ನೆಯಾಗುತ್ತದೆ. ಮಡಿಕೇರಿಯ ಕೊಡವರಿಗೆ, ಉಡುಪಿಯ ತುಳು ಮಾತಿನವರಿಗೆ, ಭಟ್ಕಳದ ನವಾಯತರಿಗೆ ಮೂರನೆಯ ನಂಟೊಂದು ಇದೆ. ಅದಕ್ಕೆ ಈ ಪ್ರಶ್ನೆಯಲ್ಲಿ ಚೌಕವೇ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ರಾಜ್ಯ ಒಂದು, ಮಾತು ಇನ್ನೊಂದು. ಅವರ ಮುಂದೆ ‘ಭಾರತೀಯರೋ, ಮಲಯಾಳಿಗಳೋ’ ಎಂಬ ಐದು ಮೆಟ್ಟಿಲುಗಳನ್ನಿಟ್ಟರೆ ಬಹುತೇಕರು ಮೇಲಿನ ಮೆಟ್ಟಿಲಿಗೆ ಬರೀ ಭಾರತೀಯರೆಂದು ಹತ್ತಿ ನಿಲ್ಲುವ ಸಾಧ್ಯತೆಯಿದೆ, ಮತ್ತು ವರದಿ ಓದಿದವರು ಅಲ್ಲಿ ಪ್ರಾದೇಶಿಕ ಭಾವನೆ ಇಲ್ಲವೆಂದು ಬರೆಯುವ ಸಾಧ್ಯತೆಯೂ ಇದೆ. ಭಾರತ, ರಾಜ್ಯ, ಮನೆಮಾತು, ಜಾತಿ, ಧರ್ಮ, ಪಕ್ಷ ಎಂಬ ಆರೂ ನಂಟುಗಳನ್ನು ಬೇರೆಬೇರೆಯಾಗಿ, ಪ್ರತಿಯೊಂದು ಎಷ್ಟು ಮುಖ್ಯ ಎಂದು, ಅವರವರ ಮನೆಮಾತಿನಲ್ಲಿ ಕೇಳಬೇಕು. ಅದೇ ಮನೆಗಳಿಗೆ ಚುನಾವಣೆಗೆ ಆರು ತಿಂಗಳು ಮೊದಲು ಒಮ್ಮೆ, ಪ್ರಚಾರದ ಕಾವಿನಲ್ಲಿ ಒಮ್ಮೆ, ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ಹೋಗಬೇಕು. ಮೊದಲು ಯಾವುದನ್ನು ಕೇಳಿದರು ಎಂಬ ಕ್ರಮ ಮನೆಯಿಂದ ಮನೆಗೆ ಬದಲಾಗುತ್ತಿರಬೇಕು. ಇಂಥ ಅಧ್ಯಯನಕ್ಕೆ ಬೇಕಾದ ತರಬೇತಿ ಪಡೆದ ಸಮೀಕ್ಷಕರು, ವಿಶ್ವವಿದ್ಯಾಲಯಗಳು, ಭಾಷಾತಜ್ಞರು ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲೇ ಇದ್ದಾರೆ.